ವಿಲಾಸಿ ಹಡಗಿನ ಒಂದು ದಿನ: ಮೇಲಂತಸ್ತು, ಕೆಳಂತಸ್ತು



ಕಿರುತೆರೆಯ ಮೇಲೆ ವಿಲಾಸಿ ಪ್ರವಾಸಿ ಹಡಗೊಂದರ ಚಿತ್ರ ಮೂಡಿದಾಗ ನಮಗೆ ಕಾಣುವುದೇನು? ನೀಲಿ ಕಡಲು, ಹತ್ತಾರು ಅಂತಸ್ತಿನ ಬಿಳಿಯ ಹಡಗು, ಈಜುಕೊಳದ ಬದಿಯಲ್ಲಿ ಒರಗಿ ಕುಳಿತ ಜನ, ದೀಪಗಳಿಂದ ಝಗಝಗಿಸುವ ಭೋಜನಶಾಲೆ. ಕ್ಯಾಮೆರಾ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಅಲ್ಲಿ ಕುಳಿತವರು ಬೆಳಿಗ್ಗೆ ಸ್ನಾನ ಮಾಡಿದ ನೀರು ಎಲ್ಲಿಂದ ಬಂತು? ಅವರು ಬಿಟ್ಟ ಎಂಜಲು ಎಲ್ಲಿಗೆ ಹೋಯಿತು? ನಡುಗಡಲಿನಲ್ಲಿ ಗಂಟೆ ಎಷ್ಟೆಂದು ತೀರ್ಮಾನಿಸುವವರು ಯಾರು? ಅವರ ಹಾಸಿಗೆಯನ್ನು ಸರಿಪಡಿಸಿದವನು ತಾನು ಎಲ್ಲಿ ಮಲಗುತ್ತಾನೆ?

ನೆಲದ ಮೇಲೆ ವಾಸಿಸುವ ನಮಗೆ ನೀರು, ವಿದ್ಯುತ್ತು, ಅಂಗಡಿ, ಆಸ್ಪತ್ರೆ ಎಲ್ಲವೂ ಸಹಜವಾಗಿ ಇರುವಂಥವು ಎನಿಸುತ್ತದೆ. ದಡ ಮರೆಯಾದ ಮೇಲೆ ಹಡಗಿನಲ್ಲಿ ಯಾವುದೂ ಸಹಜವಲ್ಲ. ಪ್ರತಿಯೊಂದನ್ನೂ ಯಾರೋ ಒಬ್ಬರು ಆ ದಿನ, ಆ ಹೊತ್ತಿಗೆ ಅಲ್ಲಿಯೇ ತಯಾರಿಸಬೇಕು ಇಲ್ಲವೇ ಕಾಯ್ದುಕೊಳ್ಳಬೇಕು. ಮೇಲಂತಸ್ತಿನ ವಿರಾಮವೆಂಬುದು ಕೆಳಂತಸ್ತಿನ ದುಡಿಮೆಯ ಫಲ. ಇವೆರಡನ್ನೂ ಒಟ್ಟಿಗೆ ನೋಡಿದಾಗಲೇ ಹಡಗಿನ ಬದುಕು ಅರ್ಥವಾಗುತ್ತದೆ.

ಹಡಗಿನ ಪರಿಚಯ

ಉದಾಹರಣೆಗೆ ‘ಕ್ವೀನ್ ಮೇರಿ 2’ ಎಂಬ ಹಡಗನ್ನು ತೆಗೆದುಕೊಳ್ಳೋಣ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ನಿರ್ಮಾಣಗೊಂಡ ಇದಕ್ಕೆ 2004ರ ಜನವರಿಯಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ನಾಮಕರಣ ಮಾಡಿದರು. ಉದ್ದ 345 ಮೀಟರ್. ಅಂದರೆ ಹಡಗಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗಲು ನಾಲ್ಕೈದು ನಿಮಿಷ ಬೇಕು. ಸುಮಾರು 2,700 ಪ್ರಯಾಣಿಕರು ಮತ್ತು ಸುಮಾರು 1,200 ಸಿಬ್ಬಂದಿ, ಒಟ್ಟು 3,900 ಜನ ಇದರಲ್ಲಿರಬಹುದು.

ಈ ಹಡಗಿನ ‘ಗ್ರಾಸ್ ಟನ್ನೇಜ್’ ಸುಮಾರು 1.49 ಲಕ್ಷ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಇದನ್ನು ಹಡಗಿನ ತೂಕವೆಂದು ತಿಳಿಯಬಾರದು. ಇದು ಹಡಗಿನ ಒಳಗಿನ ಒಟ್ಟು ಅವಕಾಶವನ್ನು, ಅಂದರೆ ಗಾತ್ರವನ್ನು ಸೂಚಿಸುವ ಸಂಖ್ಯೆ. ಹಡಗಿನ ನಿಜವಾದ ತೂಕ ಅದು ಪಕ್ಕಕ್ಕೆ ಸರಿಸುವ ನೀರಿನ ತೂಕಕ್ಕೆ ಸಮ. ಆರ್ಕಿಮಿಡೀಸನ ತತ್ತ್ವವನ್ನು ನೀವು ಓದಿದ್ದೀರಿ. ಆ ಲೆಕ್ಕದಲ್ಲಿ ಈ ಹಡಗಿನ ತೂಕ ಸುಮಾರು 79,000 ಟನ್.

ಹಡಗು ಪ್ರವಾಸ ಹಿಂದೆ ವಿನೋದಕ್ಕಾಗಿ ಇರಲಿಲ್ಲ. ಒಂದು ಖಂಡದಿಂದ ಇನ್ನೊಂದಕ್ಕೆ ಹೋಗಲು ಅದೊಂದೇ ದಾರಿಯಾಗಿತ್ತು. 1922ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಿಂದ ಹೊರಟ ‘ಲಕೋನಿಯಾ’ ಎಂಬ ಹಡಗು ಸುಮಾರು 130 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದು, ಪ್ರವಾಸಕ್ಕಾಗಿಯೇ ಭೂಪ್ರದಕ್ಷಿಣೆ ಮಾಡುವ ಪದ್ಧತಿಗೆ ನಾಂದಿ ಹಾಡಿತು. 1958ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಜೆಟ್ ವಿಮಾನಗಳ ಸಂಚಾರ ಆರಂಭವಾಯಿತು. ಅವಸರದವರು ವಿಮಾನ ಹತ್ತಿದರು. ಹಡಗುಗಳು ಬಿಡುವಿದ್ದವರನ್ನು ಹುಡುಕಿಕೊಂಡವು. ಇಂದು ಕ್ವೀನ್ ಮೇರಿ 2 ಇಂಗ್ಲೆಂಡಿನ ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಸಾಮಾನ್ಯವಾಗಿ 7 ರಾತ್ರಿಗಳ ಯಾನ ಮಾಡುತ್ತದೆ. ವರ್ಷದ ಆರಂಭದ ತಿಂಗಳುಗಳಲ್ಲಿ ಮೂರು ತಿಂಗಳಿಗೂ ಮೀರಿದ ದೀರ್ಘಯಾನಗಳನ್ನೂ ಕೈಗೊಳ್ಳುವುದುಂಟು.

ಇಪ್ಪತ್ತೈದು ಗಂಟೆಯ ದಿನ

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಆದ್ದರಿಂದ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆಯ ವ್ಯತ್ಯಾಸ. ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರ ಸಾಮಾನ್ಯವಾಗಿ 5 ಗಂಟೆ. ವಿಮಾನದಲ್ಲಿ ಹೋದವರು ಈ ಐದು ಗಂಟೆಗಳ ಹೊಡೆತವನ್ನು ಒಂದೇ ದಿನ ತಿನ್ನುತ್ತಾರೆ. ಎರಡು ಮೂರು ದಿನ ನಿದ್ದೆ ಕೆಡುತ್ತದೆ. ಹಡಗಿನಲ್ಲಿ ಈ ವ್ಯತ್ಯಾಸವನ್ನು ಹಂಚಿ ಕೊಡುತ್ತಾರೆ. ಪಶ್ಚಿಮಕ್ಕೆ ಸಾಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಲಾಗುತ್ತದೆ. ಪ್ರಯಾಣಿಕರಿಗೆ ಐದು ದಿನ 25 ಗಂಟೆಗಳ ದಿನ. ನಿದ್ದೆಗೆ ಒಂದು ಗಂಟೆ ಹೆಚ್ಚು. ಪೂರ್ವಕ್ಕೆ ಸಾಗುವಾಗ ಗಡಿಯಾರ ಒಂದೊಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆ ಬದಲಾವಣೆಯನ್ನು ಈ ಹಡಗಿನಲ್ಲಿ ಮಧ್ಯಾಹ್ನ 12 ಗಂಟೆಗೆ ಮಾಡುತ್ತಾರೆ. ರಾತ್ರಿಯ ನಿದ್ದೆಗೆ ಕತ್ತರಿ ಬೀಳದಿರಲಿ ಎಂಬುದು ಇದರ ಅನುಕೂಲ.

ಭೂಪ್ರದಕ್ಷಿಣೆಯಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಪಶ್ಚಿಮಾಭಿಮುಖವಾಗಿ ಹೊರಟು 24 ಬಾರಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಪೂರ್ತಿ ಒಂದು ದಿನ ಹಿಂದೆ ಬಿದ್ದಂತಾಯಿತು. ಅದನ್ನು ಸರಿದೂಗಿಸಲು 180 ಡಿಗ್ರಿ ರೇಖಾಂಶದ ಬಳಿಯ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟುವಾಗ ಒಂದು ದಿನಾಂಕವನ್ನೇ ಬಿಟ್ಟುಬಿಡಬೇಕು. ಸೋಮವಾರ ರಾತ್ರಿ ಮಲಗಿದವರು ಬುಧವಾರ ಬೆಳಿಗ್ಗೆ ಏಳುತ್ತಾರೆ. ಮಂಗಳವಾರ ಹುಟ್ಟುಹಬ್ಬವಿದ್ದವರ ಗತಿ ಏನೆಂದು ನೀವೇ ಯೋಚಿಸಿ!

ಪ್ರಯಾಣಿಕರ ದಿನಚರಿ

ದಿನದ ಕಾರ್ಯಕ್ರಮ ಪಟ್ಟಿ ಹಿಂದಿನ ರಾತ್ರಿಯೇ ಕೋಣೆಗೆ ಬಂದಿರುತ್ತದೆ. ಬೆಳಗಿನ ವಾಯುಸೇವನೆಗೆ ಏಳನೆಯ ಅಂತಸ್ತಿನಲ್ಲಿ ಹಡಗಿನ ಸುತ್ತಲೂ ಮರದ ಹಾದಿಯಿದೆ. ಮೂರು ಸುತ್ತು ಹಾಕಿದರೆ ಒಂದು ಮೈಲಿಗಿಂತ ತುಸು ಹೆಚ್ಚು ನಡೆದಂತಾಯಿತು. ಉಪಾಹಾರದ ನಂತರ ಕೆಲವರು ಗ್ರಂಥಾಲಯಕ್ಕೆ ಹೋಗುತ್ತಾರೆ. ಅಲ್ಲಿ ಸಾವಿರಾರು ಪುಸ್ತಕಗಳಿವೆ. ಇನ್ನು ಕೆಲವರು ಇತಿಹಾಸ, ಖಗೋಳ, ಸಂಗೀತ ಮುಂತಾದ ವಿಷಯಗಳ ಉಪನ್ಯಾಸ ಕೇಳುತ್ತಾರೆ. ಹಡಗಿನಲ್ಲಿ ತಾರಾಲಯವೂ ಇದೆ. ಸಮುದ್ರದ ಮೇಲೆ ಮೊದಲು ತಾರಾಲಯ ಹೊಂದಿದ ಹಡಗು ಇದೇ.

ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಮಾತನಾಡುತ್ತಾರೆ. ಹಡಗು ಇರುವ ಅಕ್ಷಾಂಶ ರೇಖಾಂಶ, ವೇಗ, ಗಾಳಿಯ ದಿಕ್ಕು, ಅಲೆಗಳ ಸ್ಥಿತಿ ಎಲ್ಲವನ್ನೂ ತಿಳಿಸುತ್ತಾರೆ. ವೇಗವನ್ನು ಹೇಳುವುದು ‘ನಾಟ್’ ಎಂಬ ಮಾನದಲ್ಲಿ. ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್ ಸಾಗಿದರೆ ಅದು ಒಂದು ನಾಟ್. ಮಧ್ಯಾಹ್ನ ಮೂರೂವರೆಗೆ ಬಿಳಿಯ ಕೈಗವಸು ತೊಟ್ಟ ಪರಿಚಾರಕರು ಚಹಾ ಬಡಿಸುತ್ತಾರೆ. ರಾತ್ರಿ ವಿಶೇಷ ಉಡುಪಿನ ಭೋಜನ, ಅನಂತರ ನೃತ್ಯ ಅಥವಾ ನಾಟಕ.

ಸಾಕುನಾಯಿಗಳಿಗೂ ಇಲ್ಲಿ ಗೂಡುಗಳಿವೆ. ಅವು ಕಾಲೆತ್ತಲು ಬ್ರಿಟಿಷ್ ಮಾದರಿಯ ದೀಪದ ಕಂಬ ಮತ್ತು ಅಮೆರಿಕದ ಮಾದರಿಯ ಬೆಂಕಿ ನಂದಿಸುವ ನೀರಿನ ಕೊಳಾಯಿ, ಎರಡನ್ನೂ ಇಟ್ಟಿದ್ದಾರೆ! ಯಾವ ದೇಶದ ನಾಯಿಗೂ ಪರಕೀಯ ಭಾವನೆ ಬರಬಾರದಲ್ಲವೇ?

ಆದರೆ ಮೇಲಂತಸ್ತಿನಲ್ಲಿಯೂ ಎಲ್ಲರೂ ಸಮಾನರಲ್ಲ. ಕೋಣೆಗೆ ಕೊಟ್ಟ ದರಕ್ಕೆ ತಕ್ಕಂತೆ ಭೋಜನಶಾಲೆಗಳೂ ಬೇರೆ ಬೇರೆ. ಇನ್ನು ಕಡಲು ಕೆರಳಿದಾಗ ಮಾತ್ರ ದರದ ಭೇದವಿಲ್ಲದೆ ಎಲ್ಲರಿಗೂ ತಲೆ ಸುತ್ತುತ್ತದೆ. ಕಣ್ಣು ಕೋಣೆಯ ಗೋಡೆಯನ್ನು ನೋಡಿ ‘ನಾನು ಸ್ಥಿರ’ ಎನ್ನುತ್ತದೆ. ಒಳಕಿವಿಯ ದ್ರವ ‘ನಾನು ಅಲುಗಾಡುತ್ತಿದ್ದೇನೆ’ ಎನ್ನುತ್ತದೆ. ಮಿದುಳಿಗೆ ತಲಪುವ ಈ ಎರಡು ವಿರುದ್ಧ ಸುದ್ದಿಗಳಿಂದಲೇ ಕಡಲ ಪಿತ್ತ, ಅಂದರೆ ವಾಕರಿಕೆ. ಹೊರಗೆ ಬಂದು ದಿಗಂತವನ್ನು ನೋಡುತ್ತ ನಿಂತರೆ ಎರಡೂ ಸುದ್ದಿಗಳು ಹೊಂದಿಕೊಂಡು ಉಪಶಮನವಾಗುತ್ತದೆ. ಹಡಗಿನ ಓಲಾಟವನ್ನು ತಗ್ಗಿಸಲು ಅದರ ಎರಡು ಪಕ್ಕಗಳಲ್ಲಿ ನೀರಿನೊಳಗೆ ಮೀನಿನ ರೆಕ್ಕೆಗಳಂಥ ಫಲಕಗಳಿರುತ್ತವೆ. ಬೇಕಾದಾಗ ಅವನ್ನು ಹೊರಚಾಚುತ್ತಾರೆ.

ಉಪ್ಪು ನೀರಿನಿಂದ ಸಿಹಿ ನೀರು

ಈಗ ಕೆಳಂತಸ್ತಿಗೆ ಇಳಿಯೋಣ. ಈ ಹಡಗಿನಲ್ಲಿ ದಿನವೊಂದಕ್ಕೆ ಸರಾಸರಿ 11 ಲಕ್ಷ ಲೀಟರ್ ಸಿಹಿ ನೀರು ಬೇಕು. ಅದನ್ನು ಕಡಲ ನೀರಿನಿಂದಲೇ ತಯಾರಿಸುತ್ತಾರೆ. ಇದಕ್ಕಾಗಿ ಮೂರು ಯಂತ್ರಗಳಿವೆ. ಒಂದೊಂದೂ ದಿನಕ್ಕೆ 6.3 ಲಕ್ಷ ಲೀಟರ್ ನೀರು ಕೊಡಬಲ್ಲದು.

ಇದರ ತತ್ತ್ವ ಸರಳ. ಒತ್ತಡ ಕಡಿಮೆಯಾದಂತೆ ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕುದಿಯುತ್ತದೆ. ಯಂತ್ರದೊಳಗಿನ ಗಾಳಿಯನ್ನು ಹೊರತೆಗೆದು ಒತ್ತಡ ತಗ್ಗಿಸಿ, ಹಡಗಿನ ಎಂಜಿನ್ನುಗಳಿಂದ ವ್ಯರ್ಥವಾಗಿ ಹೋಗಬಹುದಾಗಿದ್ದ ಬಿಸಿಯಿಂದ ಕಡಲ ನೀರನ್ನು ಆವಿ ಮಾಡುತ್ತಾರೆ. ಉಪ್ಪು ಹಿಂದುಳಿಯುತ್ತದೆ. ಆವಿ ತಣಿದಾಗ ಶುದ್ಧ ನೀರು ದೊರೆಯುತ್ತದೆ. ಒಂದು ಕೋಶದ ಆವಿಯ ಬಿಸಿಯನ್ನೇ ಮುಂದಿನ ಕೋಶದ ನೀರನ್ನು ಕುದಿಸಲು ಬಳಸುವುದರಿಂದ ಇಂಧನ ಉಳಿಯುತ್ತದೆ.

11 ಲಕ್ಷ ಲೀಟರನ್ನು 3,900 ಜನರಿಗೆ ಭಾಗಿಸಿ ನೋಡಿ. ಒಬ್ಬರಿಗೆ ಸುಮಾರು 280 ಲೀಟರ್ ಬರುತ್ತದೆ. ಒಳಚರಂಡಿ ಇರುವ ನಮ್ಮ ನಗರಗಳಿಗೆ ಸರಕಾರ ನಿಗದಿ ಮಾಡಿರುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯಲ್ಲಿ ಹಳ್ಳಿಗಳಿಗೆ ಗೊತ್ತುಪಡಿಸಿದ್ದು 55 ಲೀಟರ್. ಹಡಗಿನ ಲೆಕ್ಕದಲ್ಲಿ ಅಡುಗೆಮನೆ, ಬಟ್ಟೆ ಒಗೆತ ಎಲ್ಲವೂ ಸೇರಿದೆ ಎಂಬುದು ನಿಜ. ಆದರೂ ‘ವಿಲಾಸ’ ಎಂಬ ಶಬ್ದದ ಅರ್ಥವನ್ನು ಈ ಮೂರು ಸಂಖ್ಯೆಗಳು ಚೆನ್ನಾಗಿ ತಿಳಿಸುತ್ತವೆ.

ಊಟ ಮತ್ತು ಕಸ

3,900 ಜನರಿಗೆ ಮೂರು ಹೊತ್ತು ಎಂದರೆ ದಿನಕ್ಕೆ 11,700 ಊಟ. ನಡುವೆ ಉಪ್ಪು ಮುಗಿದರೆ ಓಡಿಹೋಗಿ ತರಲು ಅಂಗಡಿಯಿಲ್ಲ. ಆದ್ದರಿಂದ ಮುಂದಿನ ಬಂದರು ಯಾವಾಗ, ಅಲ್ಲಿಯವರೆಗೆ ಯಾವ ಸೊಪ್ಪು ತಾಜಾ ಉಳಿಯುತ್ತದೆ, ಯಾವುದನ್ನು ಮೊದಲು ಬಳಸಬೇಕು ಎಂಬ ಲೆಕ್ಕವನ್ನು ಉಗ್ರಾಣದವರು ಮೊದಲೇ ಹಾಕಿರುತ್ತಾರೆ.

ಉಳಿದ ಕಸದ ವಿಷಯದಲ್ಲಿ ‘ಮಾರ್ಪೋಲ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳು ಅನ್ವಯಿಸುತ್ತವೆ. ಪ್ಲಾಸ್ಟಿಕ್ಕನ್ನು ಯಾವ ಕಡಲಿನಲ್ಲಿಯೂ, ದಡದಿಂದ ಎಷ್ಟೇ ದೂರದಲ್ಲಿಯೂ ಎಸೆಯುವಂತಿಲ್ಲ. ಸಂಸ್ಕರಿಸದ ಶೌಚದ ನೀರನ್ನು ದಡದಿಂದ 12 ನಾಟಿಕಲ್ ಮೈಲಿಗಳ ಒಳಗೆ ಬಿಡುವಂತಿಲ್ಲ. ಕೆಲವು ಸೂಕ್ಷ್ಮ ಪ್ರದೇಶಗಳಲ್ಲಿ ನಿಯಮ ಇನ್ನೂ ಬಿಗಿ. ಹಡಗಿನ ಇಂಧನದಲ್ಲಿ ಗಂಧಕದ ಅಂಶ ಶೇ. 3.5ರವರೆಗೆ ಇರಬಹುದಾಗಿತ್ತು, 2020ರ ಜನವರಿಯಿಂದ ಅದನ್ನು ಶೇ. 0.5ಕ್ಕೆ ಇಳಿಸಲಾಗಿದೆ.

ನಿಯಮವಿದ್ದ ಮಾತ್ರಕ್ಕೆ ಪಾಲನೆಯಾಗುತ್ತದೆಯೇ? 2013ರಲ್ಲಿ ‘ಕೆರಿಬಿಯನ್ ಪ್ರಿನ್ಸೆಸ್’ ಎಂಬ ಹಡಗಿಗೆ ಹೊಸದಾಗಿ ಸೇರಿದ್ದ ಎಂಜಿನಿಯರೊಬ್ಬರು, ಎಣ್ಣೆ ಬೆರೆತ ಕೊಳೆನೀರನ್ನು ಕಳ್ಳ ಕೊಳವೆಯ ಮೂಲಕ ಕಡಲಿಗೆ ಬಿಡುತ್ತಿರುವುದನ್ನು ಕಂಡು ಬ್ರಿಟನ್ನಿನ ಅಧಿಕಾರಿಗಳಿಗೆ ತಿಳಿಸಿದರು. ಅಮೆರಿಕದಲ್ಲಿ ವಿಚಾರಣೆ ನಡೆದು 2016ರಲ್ಲಿ ಹಡಗಿನ ಸಂಸ್ಥೆ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. ಮೇಲೆ ಕುಳಿತು ಸೂರ್ಯಾಸ್ತ ನೋಡುತ್ತಿದ್ದ ಪ್ರಯಾಣಿಕರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ಕೆಳಗೆ ದುಡಿಯುತ್ತಿದ್ದ ಒಬ್ಬ ವ್ಯಕ್ತಿಯ ಪ್ರಾಮಾಣಿಕತೆಯಿಂದ ಅದು ಬೆಳಕಿಗೆ ಬಂತು.

ಏಳು ಚಿಕ್ಕ ಕೂಗು, ಒಂದು ದೀರ್ಘ ಕೂಗು

ಹಡಗಿನ ಸೈರನ್ ಏಳು ಬಾರಿ ಚಿಕ್ಕದಾಗಿ, ಕೊನೆಗೊಮ್ಮೆ ದೀರ್ಘವಾಗಿ ಕೂಗಿದರೆ ಅದು ತುರ್ತು ಸ್ಥಿತಿಯ ಸೂಚನೆ. ಎಲ್ಲರೂ ಜೀವರಕ್ಷಕ ಅಂಗಿಯೊಂದಿಗೆ ತಮಗೆ ಗೊತ್ತುಪಡಿಸಿದ ಸ್ಥಳದಲ್ಲಿ ಸೇರಬೇಕು. 1912ರ ‘ಟೈಟಾನಿಕ್’ ದುರಂತದ ಪರಿಣಾಮವಾಗಿ 1914ರಲ್ಲಿ ಕಡಲ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು.

ಈ ಒಪ್ಪಂದ ಹಲವು ಬಾರಿ ಪರಿಷ್ಕಾರಗೊಂಡಿದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಳಿ ‘ಕೋಸ್ಟಾ ಕಾನ್ಕಾರ್ಡಿಯಾ’ ಹಡಗು ಬಂಡೆಗೆ ತಾಗಿ ವಾಲಿತು. 32 ಜನ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತುರ್ತು ಅಭ್ಯಾಸ ಇನ್ನೂ ನಡೆದಿರಲಿಲ್ಲ. ಹತ್ತಿದ 24 ಗಂಟೆಗಳೊಳಗೆ ಅಭ್ಯಾಸ ನಡೆಸಿದರೆ ಸಾಕೆಂದು ಆಗಿನ ನಿಯಮವೇ ಹೇಳುತ್ತಿತ್ತು. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ಕಡ್ಡಾಯವೆಂಬ ತಿದ್ದುಪಡಿ 2015ರ ಜನವರಿಯಿಂದ ಜಾರಿಗೆ ಬಂದಿತು. ಪ್ರಯಾಣಿಕರು ಬೇಸರದಿಂದ ಆಕಳಿಸುತ್ತ ನಿಲ್ಲುವ ಆ ಅರ್ಧ ಗಂಟೆಯ ಹಿಂದೆ ಇಂಥ ಚರಿತ್ರೆ ಇದೆ. ಅಭ್ಯಾಸದಲ್ಲಿ ದಾರಿ ತೋರಿಸುವವರು ಯಾರೆಂದು ಗಮನಿಸಿದ್ದೀರಾ? ಊಟ ಬಡಿಸುವವರು, ಕೋಣೆ ಗುಡಿಸುವವರು ಇವರೇ. ಅಪಾಯದ ಹೊತ್ತಿಗೆ ಅವರಲ್ಲಿ ಹಲವರಿಗೆ ಈ ಹೊಣೆಯೂ ಇರುತ್ತದೆ.

ದುಡಿಯುವವರ ದಿನಚರಿ

ಸಿಬ್ಬಂದಿ ಓಡಾಡುವ ಉದ್ದನೆಯ ಓಣಿಯೊಂದು ಕೆಳಂತಸ್ತಿನಲ್ಲಿ ಹಡಗಿನ ಉದ್ದಕ್ಕೂ ಹಾದುಹೋಗುತ್ತದೆ. ಕೆಲವು ಹಡಗುಗಳಲ್ಲಿ ಅದಕ್ಕೆ ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರನ್ನೇ ಇಟ್ಟು ‘ಐ-95’ ಎಂದು ಕರೆಯುತ್ತಾರೆ. ಸಾಮಾನ್ಯ ನೌಕರರು ಇಬ್ಬರು ಅಥವಾ ಹೆಚ್ಚು ಜನ ಸೇರಿ ಒಂದು ಕೋಣೆಯಲ್ಲಿರುವುದು ವಾಡಿಕೆ. ಒಬ್ಬರ ಮೇಲೊಬ್ಬರ ಮಂಚ. ಕಿಟಕಿ ಇರುವುದು ವಿರಳ. ಎಂಜಿನ್ ಕೋಣೆಯಲ್ಲಿ ಮತ್ತು ಹಡಗು ನಡೆಸುವ ಕಟ್ಟೆಯಲ್ಲಿ ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು ಎಂಬ ಪದ್ಧತಿ ಹಳೆಯದು. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ, ಎಲ್ಲರೂ ಮಲಗಿರುವಾಗ, ಎಚ್ಚರವಿದ್ದು ಹಡಗು ನಡೆಸುವವರು ಅವರು.

ಪರಿಚಾರಕರಿಗೆ ಆರರಿಂದ ಒಂಬತ್ತು ತಿಂಗಳ ಗುತ್ತಿಗೆ ಸಾಮಾನ್ಯ. ಆ ಅವಧಿಯಲ್ಲಿ ವಾರದ ಏಳು ದಿನವೂ ಕೆಲಸ, ಭಾನುವಾರವೆಂಬುದಿಲ್ಲ. ಇವರ ರಕ್ಷಣೆಗಾಗಿ 2006ರ ಕಡಲ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಭಾರತ ಅದನ್ನು 2015ರಲ್ಲಿ ಅಂಗೀಕರಿಸಿತು. ಅದರ ಪ್ರಕಾರ ದೇಶಗಳು ಎರಡು ಮಾನಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ವಾರಕ್ಕೆ 72 ಗಂಟೆಗಳಿಗಿಂತ ಹೆಚ್ಚು ದುಡಿಸಬಾರದು ಎಂಬುದು ಒಂದು. ವಾರಕ್ಕೆ 77 ಗಂಟೆಗಳಿಗಿಂತ ಕಡಿಮೆ ವಿಶ್ರಾಂತಿ ಕೊಡಬಾರದು ಎಂಬುದು ಇನ್ನೊಂದು. ವಾರಕ್ಕೆ 168 ಗಂಟೆ. ಅದರಲ್ಲಿ 77 ಕಳೆದರೆ 91 ಉಳಿಯುತ್ತದೆ. ಅಂದರೆ ಎರಡನೆಯ ಮಾನದಲ್ಲಿ ವಾರಕ್ಕೆ 91 ಗಂಟೆಗಳವರೆಗಿನ ದುಡಿಮೆಯೂ ಕಾನೂನುಬದ್ಧವೇ! ಎಂಟು ಗಂಟೆಯ ದಿನ, ವಾರಕ್ಕೊಂದು ರಜೆ ಎಂದರೆ 48 ಗಂಟೆ ಎಂಬುದನ್ನು ನೆನಪಿಡಿ.

ಹಾಗಾದರೆ ಜನ ಈ ಕೆಲಸಕ್ಕೆ ಏಕೆ ಹೋಗುತ್ತಾರೆ? ಊರಿನಲ್ಲಿ ಸಿಗುವುದಕ್ಕಿಂತ ಹೆಚ್ಚು ಸಂಬಳ, ಊಟ ವಸತಿಗೆ ಖರ್ಚಿಲ್ಲ, ಜಗತ್ತು ನೋಡುವ ಅವಕಾಶ. ಒಂದು ಗುತ್ತಿಗೆಯ ಗಳಿಕೆಯಿಂದ ಮನೆಯ ಸಾಲ ತೀರುತ್ತದೆ, ತಂಗಿಯ ಓದು ಮುಂದುವರಿಯುತ್ತದೆ. ಪ್ರಪಂಚಕ್ಕೆ ಹೆಚ್ಚು ನಾವಿಕರನ್ನು ಒದಗಿಸುವ ದೇಶಗಳಲ್ಲಿ ಭಾರತವೂ ಒಂದು. ಗೋವಾ, ಕೇರಳ ಮತ್ತು ನಮ್ಮ ಮಂಗಳೂರು, ಉಡುಪಿ ಕಡೆಯ ಅನೇಕ ಯುವಕರು ಇಂಥ ಹಡಗುಗಳಲ್ಲಿ ಇದ್ದಾರೆ.

ಯೊಕೊಹಾಮಾದ ಪಾಠ

2020ರ ಫೆಬ್ರವರಿಯಲ್ಲಿ ಮೇಲಂತಸ್ತು ಮತ್ತು ಕೆಳಂತಸ್ತುಗಳ ಅಂತರ ಇಡೀ ಜಗತ್ತಿಗೆ ಕಾಣಿಸಿತು. ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿ ಕೊರೋನಾ ಸೋಂಕು ಕಂಡುಬಂದು, ಅದನ್ನು ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆಹಿಡಿದರು. ಹಡಗಿನಲ್ಲಿ 3,711 ಜನರಿದ್ದರು. ಪ್ರಯಾಣಿಕರಿಗೆ ಕೋಣೆ ಬಿಟ್ಟು ಹೊರಬರಬಾರದೆಂಬ ಆಜ್ಞೆಯಾಯಿತು. ಆದರೆ ಅವರ ಬಾಗಿಲಿಗೆ ಮೂರು ಹೊತ್ತು ಊಟ ತಲಪಿಸುವವರು ಯಾರು? ಸಿಬ್ಬಂದಿ ತಮ್ಮ ಕೋಣೆಗಳನ್ನು ಹಂಚಿಕೊಂಡೇ ಮಲಗಿದರು, ಒಂದೇ ಭೋಜನಶಾಲೆಯಲ್ಲಿ ಉಂಡರು, ಮತ್ತೆ ಕೆಲಸಕ್ಕೆ ಬಂದರು. ಕೊನೆಗೆ ಸೋಂಕು ತಗುಲಿದವರು 712 ಮಂದಿ.

ಆ ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು 6, ಸಿಬ್ಬಂದಿ 132. ಈ ಎರಡು ಸಂಖ್ಯೆಗಳು ಒಂದು ಪುಟದ ವಿವರಣೆಗಿಂತ ಹೆಚ್ಚನ್ನು ಹೇಳುತ್ತವೆ. ಫೆಬ್ರವರಿ ಕೊನೆಯಲ್ಲಿ ಭಾರತ ಸರಕಾರ ವಿಶೇಷ ವಿಮಾನದಲ್ಲಿ 119 ಭಾರತೀಯರನ್ನು ಕರೆತಂದಿತು. ಆ ವರ್ಷ ಮಾರ್ಚ್ ನಂತರ ವಿಲಾಸಿ ಹಡಗುಗಳು ಪ್ರಪಂಚದಾದ್ಯಂತ ಸಂಚಾರ ನಿಲ್ಲಿಸಿದವು. ಪ್ರಯಾಣಿಕರು ಮನೆ ಸೇರಿದ ಮೇಲೂ ಸಾವಿರಾರು ನೌಕರರು ತಿಂಗಳುಗಟ್ಟಲೆ ಹಡಗಿನಲ್ಲಿಯೇ ಉಳಿಯಬೇಕಾಯಿತು.

ನಮ್ಮ ಬಂದರಿಗೆ ಬಂದಾಗ

ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೂ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಪ್ರವಾಸಿಗಳು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕದ್ರಿಯ ದೇವಾಲಯ ಮುಂತಾದವನ್ನು ನೋಡಿ ಸಂಜೆಗೆ ಮರಳುತ್ತಾರೆ. ಅವರು ತಿರುಗಾಡಲು ಹೋದಾಗ ಕೋಣೆಗಳನ್ನು ಶುಚಿಗೊಳಿಸುವ, ಸಂಜೆಯ ಊಟ ಅಣಿಮಾಡುವ ಕೆಲಸ ಒಳಗೆ ನಡೆದೇ ಇರುತ್ತದೆ.

ಹಡಗು ನೋಡುವ ಅವಕಾಶ ಸಿಕ್ಕರೆ ಅದರ ಮೇಲಿನ ಬಾಲ್ಕನಿಗಳನ್ನು ಮೆಚ್ಚಿ. ಮೆಚ್ಚಬೇಕಾದ ಎಂಜಿನಿಯರಿಂಗ್ ಅದು. ಜೊತೆಗೆ ನೀರಿನ ಮಟ್ಟಕ್ಕೆ ಹತ್ತಿರವಿರುವ, ಕಿಟಕಿಗಳೇ ಇಲ್ಲದ ಆ ಕೆಳಗಿನ ಪಟ್ಟಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ನಮ್ಮೂರಿನ ಯಾರೋ ಒಬ್ಬರು ಅಲ್ಲಿ ಈಗಷ್ಟೇ ಕಾವಲು ಮುಗಿಸಿ ಮಲಗಿರಬಹುದು.

ಯೋಚಿಸಿ, ಚರ್ಚಿಸಿ

1. ನಿಮ್ಮ ಮನೆಯಲ್ಲಿ ಒಬ್ಬರು ದಿನಕ್ಕೆ ಎಷ್ಟು ಲೀಟರ್ ನೀರು ಬಳಸುತ್ತೀರಿ? ಒಂದು ದಿನ ಅಳೆದು ನೋಡಿ. ಹಡಗಿನ ಲೆಕ್ಕದೊಂದಿಗೆ ಹೋಲಿಸಿ.

2. ಪೂರ್ವಾಭಿಮುಖವಾಗಿ ಭೂಮಿಯನ್ನು ಸುತ್ತುವ ಹಡಗು ದಿನಾಂಕ ರೇಖೆಯನ್ನು ದಾಟಿದಾಗ ಏನಾಗುತ್ತದೆ?

3. ವಾರಕ್ಕೆ 91 ಗಂಟೆಗಳ ದುಡಿಮೆಗೆ ಅವಕಾಶ ಕೊಡುವ ನಿಯಮ ನ್ಯಾಯವೇ? ನಡುಗಡಲಿನ ಕೆಲಸಕ್ಕೂ ನೆಲದ ಕೆಲಸಕ್ಕೂ ಒಂದೇ ಅಳತೆಗೋಲು ಸಾಧ್ಯವೇ? ಗೆಳೆಯರೊಂದಿಗೆ ಚರ್ಚಿಸಿ.